ಕೆಂಪು ಗುಂಡಿ

ಜಾಲತಾಣಗಳೆಲ್ಲ ಓದುವವರ ಮನೆಮಾತಿನಲ್ಲೇ ಬರೆಯಲು ಕಲಿತು ಆರು ವರ್ಷವಾಗಿತ್ತು. ಗದಗಿನಲ್ಲಿ ಕೌದಿ ಹೊಲಿಯುವ ನೀಲವ್ವನ ಫೋನಿನಲ್ಲಿ ಅವು, "ಯಕ್ಕಾ, ಒಪ್ಪಿಗಿ ಅಂತ ಒತ್ತಿಬಿಡ, ಏನೂ ಆಗೂದಿಲ್ಲ" ಎನ್ನುತ್ತಿದ್ದವು. ತವರಿನ ಮಾತು ಕಂಡರೆ ಬೆರಳು ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಅದಕ್ಕೇ ಸರಕಾರ ಪ್ರತಿ ತಾಣದ ಮೂಲೆಯಲ್ಲೂ ಒಂದು ಕೆಂಪು ಗುಂಡಿ ಇಡಿಸಿತ್ತು. ಅದನ್ನು ಒತ್ತಿದರೆ ಅದೇ ಮಾತು ಕೋರ್ಟಿನ ಕನ್ನಡದಲ್ಲಿ ಬರುತ್ತಿತ್ತು: "ಸದರಿ ಒಪ್ಪಿಗೆಯಿಂದ ಉಂಟಾಗುವ ಹಾನಿಗೆ ಸಂಸ್ಥೆಯು ಹೊಣೆಯಲ್ಲ." ಎದೆ ಝಲ್ಲೆಂದರೆ ನೀಲವ್ವ ಫೋನು ಮುಚ್ಚಿಡುತ್ತಿದ್ದಳು. ಹೀಗೆ ಒಂದು ಸಲವೂ ಮೋಸ ಹೋಗಿರಲಿಲ್ಲ.

ಆವತ್ತು ಮಧ್ಯಾಹ್ನ ಒಂದು ಸಂದೇಶ ಬಂತು: "ಯಕ್ಕಾ, ನಾ ಗಂಗಿ. ನಾಳೆ ನನಗ ಆಪರೇಶನ್ ಐತಿ. ಜಗಳ ಸಾಕು, ಬಾ."

ತಂಗಿಯೊಡನೆ ಮಾತು ಬಿಟ್ಟು ಹನ್ನೆರಡು ವರ್ಷ. ನೀಲವ್ವ ನಾಲ್ಕೂ ಮೂಲೆ ಹುಡುಕಿದಳು. ಕೆಂಪು ಗುಂಡಿ ಇರಲಿಲ್ಲ.

"ಶೈಲಾ, ಗುಂಡೀನ ಇಲ್ಲ. ಇದು ಭಾಳ ದೊಡ್ಡ ಮೋಸ ಇರಬೇಕು."

ಸೊಸೆ ಬಂದು ಓದಿದಳು. "ಅತ್ತೀ, ಗುಂಡಿ ಇರೂದು ಕಂಪನಿಯವರ ಮಾತಿಗೆರೀ. ಒಡಹುಟ್ಟಿದಾಕಿ ಮಾತಿಗೆ ಎಲ್ಲಿಂದ ಬರಬೇಕು?"

"ಹಂಗಾದ್ರ ನೀನ ಕೋರ್ಟಿನ ಕನ್ನಡದಾಗ ಹೇಳವಾ. ಕೇಳಿ ನೋಡೂಣು."

ಶೈಲಾ ಗಂಟಲು ಸರಿಮಾಡಿಕೊಂಡಳು. "ಸದರಿ ತಂಗಿಯು ತಮ್ಮನ್ನು ಕರೆದಿರುತ್ತಾಳೆ. ಹೋಗದಿದ್ದಲ್ಲಿ ಉಂಟಾಗುವ ಹಾನಿಗೆ ತಾವೇ ಹೊಣೆ."

ನೀಲವ್ವನ ಎದೆ ಝಲ್ಲೆಂದಿತು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಚಪ್ಪಲಿ ಹುಡುಕತೊಡಗಿದಳು.