ಕರೆಂಟು ಹೋದಾಗ ಕೇಳಿದ ಹಾಡು

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ, ಮಗ್ಗದ ಎಣ್ಣೆಯದೇ ಆ ವಾಸನೆಗೆ, ನನಗೆ ತಮಿಳುನಾಡಿನ ಸೋಮನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕರೆಂಟು ಹೋಗಿ ನಮ್ಮ ಶೆಡ್ಡಿನ ಮಗ್ಗಗಳೆಲ್ಲ ನಿಂತಿದ್ದವು. ಅಂಥ ಹೊತ್ತಿನಲ್ಲಿ ಅಕ್ಕಪಕ್ಕದ ನೇಕಾರರು ನಮ್ಮ ಜಗಲಿಯಲ್ಲಿ ಸೇರಿ, ಯಾವ ಗಾಯಕ ದೊಡ್ಡವನೆಂದು ತಮಿಳಿನಲ್ಲಿ ಜಗಳಕ್ಕೇ ಇಳಿಯುತ್ತಿದ್ದರು. ಅಂದು ಅಪ್ಪ ಮೈಸೂರಿನಿಂದ ತಂದ ಕ್ಯಾಸೆಟ್ಟನ್ನು ಬ್ಯಾಟರಿ ಟೇಪಿಗೆ ಹಾಕಿದರು. ಅದರ ಮೇಲಿನ ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಹಾಡು ಶುರುವಾಯಿತು. ಅವರಲ್ಲಿ ಅರ್ಧ ಜನ ಪ್ರಾಣ ಬಿಡುತ್ತಿದ್ದ ಅದೇ ದನಿ, ನಾವು ಮನೆಯೊಳಗೆ ಮಾತ್ರ ಆಡುವ ಕನ್ನಡದಲ್ಲಿ ಹಾಡುತ್ತಿತ್ತು.

ಆ ಗಾಯಕನ ಪರವಾಗಿ ಸದಾ ವಾದಿಸುತ್ತಿದ್ದ ಪಳನಿಯಣ್ಣ, “ಎನ್ನ ಸೊಲ್ರಾರು?” ಎಂದು ಅರ್ಥ ಕೇಳಿದರು. ಅಪ್ಪ ಒಳಗೆ ತಿರುಗಿ ನೋಡಿದರು. ಬಾಗಿಲ ಹಿಂದಿದ್ದ ಅಮ್ಮ ಸೆರಗಿಗಂಟಿದ ನೂಲಿನ ಧೂಳು ಕೊಡವಿಕೊಂಡು ಹೊರಗೆ ಬಂದಳು. ಒಂದೊಂದೇ ಸಾಲನ್ನು ತಮಿಳಿನಲ್ಲಿ ಬಿಡಿಸಿ ಹೇಳುತ್ತ ಹೋದಳು.

ಅಷ್ಟರಲ್ಲಿ ಕರೆಂಟು ಬಂತು. ಯಾರೂ ಏಳಲಿಲ್ಲ.

“ಇನ್ನೊಮ್ಮೆ ಹಾಕಿ,” ಎಂದಳು ಅಮ್ಮ, “ಎಲ್ಲಾರೂ ಕೇಳಲಿ.”

ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಯಾವಾಗಲೂ ತಮಿಳಿನಲ್ಲೇ ಕರೆಯುತ್ತಿದ್ದವಳು ಆ ಸಂಜೆ ಮಗ್ಗಗಳ ಸದ್ದಿಗೂ ಮೇಲೆ ದನಿಯೆತ್ತಿದಳು: “ಕೂಸೇ, ಹೊತ್ತಾಯ್ತು, ಉಣ್ಣಾಕೆ ಬಾ!”