ಎಡಕ್ಕೆ ಎಡ, ಬಲಕ್ಕೆ ಬಲ

"ಕೆಲಸ ಮಾಡ್ತಿರೋದನ್ನ ಚಂದಕ್ಕೋಸ್ಕರ ಕಿತ್ತು ಹಾಕು ಅಂತೀರಲ್ಲ, ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಎಂದು ಫೈಬರ್ ಮೇಸ್ತ್ರಿ ಸ್ಟೂಲಿನ ಮೇಲಿಂದಲೇ ಗುಡುಗಿದ.

ಆಸ್ಪತ್ರೆಯ ಆಡಳಿತಾಧಿಕಾರಿಯ ಮುಖ ಕೆಂಪಾಯಿತು. ಲ್ಯಾಬಿನ ರಿಪೋರ್ಟು ಕಂಪ್ಯೂಟರಿನಲ್ಲೇ ಕೆಳಗಿಳಿಯಲೆಂದು ಮೂರನೇ ಮಹಡಿಯ ನೆಟ್‌ವರ್ಕ್ ಸ್ವಿಚ್ಚಿಗೂ ನೆಲಮಹಡಿಯ ಸ್ವಿಚ್ಚಿಗೂ ನಡುವೆ ಅವತ್ತಷ್ಟೇ ಫೈಬರ್ ಕೇಬಲ್ ಎಳೆದಾಗಿತ್ತು. ಎರಡೂ ಕಡೆ ಹಸಿರು ದೀಪ ಉರಿಯುತ್ತಿತ್ತು. ಸಾಹೇಬರಿಗೆ ದೀಪ ಕಾಣಲಿಲ್ಲ. ಕೆಳಗಿನ ತುದಿಯಲ್ಲಿ ಕೇಬಲಿನ ಎರಡು ಎಳೆಗಳು ಕತ್ತರಿಯಂತೆ ಒಂದರ ಮೇಲೊಂದು ಹಾದಿದ್ದು ಮಾತ್ರ ಕಂಡಿತು.

"ಎಡ ಎಡಕ್ಕೆ, ಬಲ ಬಲಕ್ಕೆ ಅಂತ ನಾನೇ ಆರ್ಡರ್ ಬರೆದಿದ್ದೀನಿ. ಸಹಿ ಆಗಿದೆ. ಹನ್ನೊಂದಕ್ಕೆ ಡೈರೆಕ್ಟರ್ ಬರ್ತಾರೆ."

ಒಂದು ಎಳೆ ಬಾಯಿ, ಇನ್ನೊಂದು ಕಿವಿ; ಮೇಲಿನವನ ಬಾಯಿ ಕೆಳಗಿನವನ ಕಿವಿಗೇ ಸೇರಬೇಕು; ಬಾಯಿಗೆ ಬಾಯಿ ಕೂಡಿಸಿದರೆ ಇಬ್ಬರೂ ಕೂಗುತ್ತಾರೆ, ಒಬ್ಬರಿಗೂ ಕೇಳುವುದಿಲ್ಲ ಎಂದು ಮೇಸ್ತ್ರಿ ಮೂರು ಸಲ ಹೇಳಿದ. ಕಿವುಡನ ಮುಂದೆ ಶಂಖ ಊದಿದಂತಾಯಿತು.

"ನನಗೆ ಪಾಠ ಹೇಳ್ಬೇಡ. ಬಿಚ್ಚು."

ಮೇಸ್ತ್ರಿ ಬಿಚ್ಚಿದ. ಆರ್ಡರಿನಲ್ಲಿದ್ದ ಹಾಗೆಯೇ ನೆಟ್ಟಗೆ ಚುಚ್ಚಿದ. ದೀಪ ಆರಿತು. "ಈಗ ನೋಡೋಕೆ ಚೆನ್ನಾಗಿದೆ, ಫೋಟೋ ತೆಗೆಸ್ಕೊಳ್ಳಿ" ಎಂದವನೇ ಚೀಲ ಹೆಗಲಿಗೇರಿಸಿ ಹೊರಟ. ಬಾಗಿಲ ತನಕ ಕುಂಟುತ್ತಾ ಹಿಂದೆ ಓಡಿದವಳು ಆಯಾ ಒಬ್ಬಳೇ. ಹದಿನೆಂಟು ವರ್ಷದಿಂದ ಲ್ಯಾಬಿನ ರಿಪೋರ್ಟುಗಳನ್ನು ಮೇಲಿಂದ ಕೆಳಕ್ಕೆ ಹೊತ್ತು ತರುತ್ತಿದ್ದವಳು ಅವಳೇ. ಲಿಫ್ಟು ರೋಗಿಗಳಿಗೆ ಮಾತ್ರ. ಅವಳ ಮಂಡಿಗಳೆರಡೂ ಊದಿಕೊಂಡಿದ್ದವು. ನಾಳೆಯಿಂದ ಮೆಟ್ಟಿಲು ಹತ್ತುವ ಕೆಲಸವಿಲ್ಲ ಎಂದು ಅವಳಿಗೆ ಹೇಳಿದ್ದವನು ಈ ಮೇಸ್ತ್ರಿಯೇ.

"ಕೆಳಗಿನ ಎರಡು ತುದಿ ಅದಲು ಬದಲು ಮಾಡಿದ್ರೆ ಸಾಕು ಅಕ್ಕಾ, ಎರಡು ನಿಮಿಷದ ಕೆಲಸ" ಎಂದು ಹೇಳಿ ಅವನು ರಸ್ತೆಗಿಳಿದ. ಆಮೇಲೆ ಅವಳು ಎಷ್ಟು ಸಲ ಫೋನ್ ಮಾಡಿಸಿದರೂ ಬರಲಿಲ್ಲ.

ಆಯಾ ಆ ಅದಲು ಬದಲಿನ ಮಾತನ್ನು ಸಾಹೇಬರಿಗೆ ಹೇಳಿದಳು. "ನಿನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದರು ಸಾಹೇಬರು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು.

ಹನ್ನೊಂದಕ್ಕೆ ಡೈರೆಕ್ಟರು ಬಂದು, ಕೇಬಲಿನ ಅಚ್ಚುಕಟ್ಟನ್ನು ಮೆಚ್ಚಿ ರಿಬ್ಬನ್ ಕತ್ತರಿಸಿದರು. ಮೆಟ್ಟಿಲ ಬುಡದಲ್ಲಿ ಜನ ಕಿಕ್ಕಿರಿದಿದ್ದರು. "ಇನ್ನು ಮೇಲೆ ಲ್ಯಾಬಿನ ರಿಪೋರ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲಿರುತ್ತದೆ" ಎಂದರು ಆಡಳಿತಾಧಿಕಾರಿ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ, ಅವರ ಹಿಂದಿನ ಮೆಟ್ಟಿಲುಗಳಿಂದ ಏದುಸಿರಿನ ದನಿಯೊಂದು ಕೇಳಿಸಿತು.

"ಸ್ವಲ್ಪ ದಾರಿ ಬಿಡ್ರಪ್ಪಾ, ರಿಪೋರ್ಟು ಬಂತು."