ಎರಡನೇ ಬಟ್ಟಲು

ಜಯರಾಮ್ ಥಾಯ್ ಹೋಟೆಲಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದದ್ದನ್ನು ಕಂಡು ಸಣ್ಣತಾಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಮೂಗಿಗೆ ಬಡಿದಿತ್ತು. ಎರಡು ವರ್ಷವಾದರೂ ಅವಳು ಅದನ್ನು ಮರೆತಿರಲಿಲ್ಲ.

"ಅಪ್ಪಂಗೆ ಇಷ್ಟ ಅಂತ ತಂದೆ ಕಣಮ್ಮ. ಅದೇ ಹೋಟೆಲು, ಅದೇ ತೋಮ್ ಯಾಮ್ ಸಾರು. ಫ್ರೀವೇನಲ್ಲಿ ಟ್ರಾಫಿಕ್ಕು ಅಂದ್ರೆ ಟ್ರಾಫಿಕ್ಕು, ಎಲ್ಲಿ ಆರಿಹೋಗತ್ತೋ ಅಂತ ಭಯ ಆಗ್ಬಿಡ್ತು."

ಅಂದು ಪಿತೃಪಕ್ಷದ ಎಡೆ. ರೆಡ್‌ವುಡ್ ಸಿಟಿಯಲ್ಲಿದ್ದ ಮಗನ ಅಪಾರ್ಟ್‌ಮೆಂಟಿನ ಹಾಲಿನ ಮೂಲೆಯಲ್ಲಿ ಅವಳ ಗಂಡ ಪುಟ್ಟಸ್ವಾಮಿಯ ಫೋಟೋ, ಅದರ ಮುಂದೆ ಹೊಸ ಪಂಚೆ, ರಾಗಿ ಮುದ್ದೆ, ಕೋಳಿ ಸಾರು, ಒಬ್ಬಟ್ಟು, ಒಂದು ಕಟ್ಟು ಬೀಡಿ. ಮುದ್ದೆಯ ಹಿಟ್ಟೂ ಬೀಡಿಯೂ ಮಂಡ್ಯದಿಂದ ಅವಳ ಸೂಟ್‌ಕೇಸಿನಲ್ಲೇ ಬಂದಿದ್ದವು. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಇಡಬೇಕು. ಇಷ್ಟವಿಲ್ಲದ್ದು ಇಟ್ಟರೆ ಎಡೆ ಮುಟ್ಟದೆ ಹಸಿದ ಹೊಟ್ಟೆಯಲ್ಲೇ ಎದ್ದು ಹೋಗುತ್ತಾರೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಸಣ್ಣತಾಯಮ್ಮ ಅದನ್ನು ಮನಸಾರೆ ನಂಬಿದ್ದಳು.

ಎರಡು ವರ್ಷದ ಹಿಂದೆ, ಎಂಬತ್ತೈದನೇ ಇಸವಿಯಲ್ಲಿ, ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬಂದಿದ್ದಾಗ ಮಗ ಆ ಹೋಟೆಲಿಗೆ ಕರೆದೊಯ್ದಿದ್ದ. ಇಲ್ಲಿಗೆ ಬಂದವರು ಥಾಯ್ ಊಟದ ರುಚಿ ನೋಡದೆ ಹೋಗಕೂಡದು ಎಂದು ಅವನ ಹಟ. ಕಿತ್ತಳೆ ಬಣ್ಣದ ಐಸ್ ಟೀ ತರಿಸಿದ, ತೆಂಗಿನ ಹಾಲು ಸುರಿದ ಸಿಹಿ ಅನ್ನ ಮಾವಿನಹಣ್ಣು ತರಿಸಿದ. ಎಲ್ಲಕ್ಕಿಂತ ಮೊದಲು ಬಂದದ್ದು ಈ ಸೀಗಡಿ ಸಾರು. ಅದರಲ್ಲಿದ್ದ ನಿಂಬೆ ವಾಸನೆಯ ಮಜ್ಜಿಗೆ ಹುಲ್ಲಿನ ಕಡ್ಡಿ, ಶುಂಠಿಯಂಥ ಬೇರಿನ ಬಿಲ್ಲೆ ಯಾವುದನ್ನೂ ಪಕ್ಕಕ್ಕಿಡದೆ ಪುಟ್ಟಸ್ವಾಮಿ ಅಗಿದು ನುಂಗಿ ಬಟ್ಟಲು ಬರಿದು ಮಾಡಿದ. ಮಗ ಹಿಗ್ಗಿಹೋಗಿ ಇನ್ನೊಂದು ಬಟ್ಟಲು ಹೇಳಿದ. ಅದನ್ನೂ ಕುಡಿದ. ಮನೆಗೆ ಬಂದು ಬಾತ್‌ರೂಮಿನಲ್ಲಿ ಅಷ್ಟನ್ನೂ ಕಕ್ಕಿ, ಬಾಯಿ ಒರೆಸಿಕೊಳ್ಳುತ್ತ ಹೆಂಡತಿಗೆ ಹೇಳಿದ್ದ: "ದನಕ್ಕಾಕೋ ಹುಲ್ಲ ನಂಗಾಕ್ಸ್‌ಬುಟ್ಟ ಕಣೆ. ಆಸೆಯಿಂದ ತರಿಸವ್ನೆ. ಬಾಯ್ಬಿಟ್ಟೀಯ, ಜ್ವಾಕೆ!"

ಊರಿಗೆ ಮರಳಿದ ಆರು ತಿಂಗಳಿಗೆ ಅವನು ತೀರಿಕೊಂಡ. ಗ್ರೀನ್ ಕಾರ್ಡಿನ ಕಾಗದಗಳು ನಡುವೆ ಸಿಕ್ಕಿಕೊಂಡಿದ್ದರಿಂದ ಜಯರಾಮ್‌ಗೆ ಹೋಗಲಾಗಲಿಲ್ಲ. ಅಪ್ಪನ ಮುಖ ಕೊನೆಗೆ ನೋಡದವನಿಗೆ ಉಳಿದದ್ದು ಆ ಎರಡು ಬಟ್ಟಲು ಸಾರು ಮಾತ್ರ. ಫೋನು ಮಾಡಿದಾಗಲೆಲ್ಲ ಅದನ್ನೇ ಎತ್ತುತ್ತಿದ್ದ. ಈಚೆ ಸಣ್ಣತಾಯಮ್ಮ ಹೂಂ ಹೂಂ ಎನ್ನುತ್ತಿದ್ದಳು.

"ಹೋಟೆಲಿಂದ ತಂದಿದ್ದ ಎಡೆಗೆ ಮಡಗಬಾರ್ದು ಕಣಪ್ಪ," ಎಂದು ಈಗ ಒಂದು ಮಾತು ಹಾಕಿ ನೋಡಿದಳು.

"ಬೀಡಿ ಏನು ನೀನು ಮನೇಲಿ ಕಟ್ಟಿದ್ದಾ?" ಜಯರಾಮ್ ನಕ್ಕ. ಆಮೇಲೆ ನಗು ಬಿಟ್ಟು ಮೆಲ್ಲಗೆ ಹೇಳಿದ. "ಅಪ್ಪಂಗೆ ಅಂತ ನಾನು ಮಾಡಿದ್ದು ಇದೊಂದೇ ಅಮ್ಮ."

ನಿಜ ಹೇಳಿದರೆ ಮಗ ಕುಸಿಯುತ್ತಾನೆ. ಹೇಳದಿದ್ದರೆ ಗಂಡ ಇಷ್ಟು ದೂರ ಬಂದು ಮುದ್ದೆ ಮುಟ್ಟದೆ ಎದ್ದು ಹೋಗುತ್ತಾನೆ. ಅಷ್ಟರಲ್ಲಿ ಜಯರಾಮ್ ಸಾರನ್ನು ಸ್ಟೀಲ್ ಬಟ್ಟಲಿಗೆ ಬಗ್ಗಿಸಿ ಮುದ್ದೆಯ ಪಕ್ಕದಲ್ಲೇ ಇಟ್ಟೂ ಆಗಿತ್ತು.

ಎಡೆ ಇಟ್ಟ ಮೇಲೆ ಎಲ್ಲರೂ ಆಚೆ ಹೋಗಿ ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವ ಹೊತ್ತು ಅದು. ಜಯರಾಮ್ ಹೊಗೆಗೆ ಕೂಗಿಕೊಳ್ಳುವ ಅಲಾರಮಿನ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡ.

"ನೀವಿಬ್ರೂ ನಡೀರಿ, ನಾನು ಧೂಪ ಹಾಕ್ಬುಟ್ಟು ಬತ್ತೀನಿ," ಎಂದಳು ಸಣ್ಣತಾಯಮ್ಮ.

ಮಗ, ಸೊಸೆ ಪದ್ಮಜಾ ಕಾರಿಡಾರಿಗೆ ಹೋದರು. ಬಾಗಿಲು ಮುಚ್ಚಿತು. ಸಣ್ಣತಾಯಮ್ಮ ಬಟ್ಟಲನ್ನು ಎತ್ತಿಕೊಂಡು ಫೋಟೋದ ಕಡೆ ನೋಡಿದಳು.

"ನೀವು ಕೋಳಿ ಸಾರು ಉಣ್ಣಿ. ಇದ ನಂಗೆ ಬುಡಿ."

ಮೂಗು ಹಿಡಿದು ಗಟಗಟ ಕುಡಿದಳು. ಹುಳಿ ಹಲ್ಲಿಗೆ ಹತ್ತಿತು, ಖಾರ ಕಿವಿಗೆ ಹೋಯಿತು. ಸೀಗಡಿಗಳನ್ನು ಹಾಗೇ ನುಂಗಿದಳು. ಹುಲ್ಲಿನ ಕಡ್ಡಿ, ಬೇರಿನ ಬಿಲ್ಲೆ ಅಗಿಯಲು ದವಡೆ ಹಲ್ಲಿರಲಿಲ್ಲ; ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು. ಈ ಮನುಷ್ಯ ಇಂಥದ್ದರಲ್ಲಿ ಎರಡು ಬಟ್ಟಲು ಹೇಗೆ ಕುಡಿದನೋ ಎಂದು ನೆನೆದು, ಗಂಡ ಸತ್ತಾಗಲೂ ಬಾರದಷ್ಟು ಅಳು ಬಂತು. ಕಣ್ಣೊರೆಸಿಕೊಂಡು ಧೂಪ ಹಾಕಿ ಆಚೆ ಹೋದಳು.

ಹದಿನೈದು ನಿಮಿಷ ಕಳೆದು ಬಾಗಿಲು ತೆಗೆದಾಗ ಮೊದಲು ಒಳಗೆ ಹೋದವನು ಜಯರಾಮ್. ಬಟ್ಟಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ದಿನವಿಡೀ ಹನಿ ಹನಿ ಅಳೆಯುವವನು, ಒಂದು ಬಟ್ಟಲು ಸಾರು ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ.

"ನೋಡಿದ್ಯಾಮ್ಮ? ಕೋಳಿ ಸಾರು ಹಂಗೇ ಇದೆ. ಇದನ್ನ ಮಾತ್ರ ಒಂದ್ ಹನಿ ಬಿಟ್ಟಿಲ್ಲ ಅಪ್ಪ." ಇದ್ದಕ್ಕಿದ್ದಂತೆ ಎದ್ದು ಕಾರಿನ ಬೀಗದಕೈ ತೆಗೆದುಕೊಂಡ. "ಅವತ್ತೂ ಒಂದಕ್ಕೆ ಸಾಕು ಅನ್ನಲಿಲ್ಲ. ಇರಿ, ಅರ್ಧ ಗಂಟೆ, ಇನ್ನೊಂದು ತಂದ್ಬಿಡ್ತೀನಿ."

ಅವನು ಮೆಟ್ಟಿಲಿಳಿಯುವ ಸದ್ದು ನಿಂತಿತು. ಪದ್ಮಜಾ ಅತ್ತೆಯ ಒದ್ದೆ ಸೆರಗನ್ನೂ, ಅದರ ಗಂಟಿನಿಂದ ಇಣುಕುತ್ತಿದ್ದ ಹುಲ್ಲಿನ ಕಡ್ಡಿಯನ್ನೂ ನೋಡುತ್ತ ನಿಂತಿದ್ದಳು. ಸಣ್ಣತಾಯಮ್ಮ ಬಾಯಿ ಒರೆಸಿಕೊಂಡು ಹೇಳಿದಳು:

"ಒಂದು ಚೂರು ಬೆಲ್ಲ ಕೊಡವ್ವ. ಬಾಯ್ಬಿಟ್ಟೀಯ, ಜ್ವಾಕೆ!"